ಸಜ್ಜದ ಮೇಲಿನ ಖಾಲಿ ಡಬ್ಬಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವರ್ಷ ದಸರೆಗೆ ಬೊಂಬೆ ಇಳಿಸೋಣ ಅಂತ ಸ್ಟೂಲ್ ಹತ್ತಿ ಸಜ್ಜಕ್ಕೆ ಕೈಹಾಕಿದೆ. ಬೊಂಬೆ ಪೆಟ್ಟಿಗೆ ಕೈಗೆ ಸಿಗುವ ಹೊತ್ತಿಗೆ ಹನ್ನೊಂದು ಖಾಲಿ ಡಬ್ಬ ಕೆಳಗಿಳಿದಿದ್ದವು. ಅದರಲ್ಲಿ ಒಂದು ಮಿಕ್ಸಿಯದ್ದು. ಆ ಮಿಕ್ಸಿ ಸುಟ್ಟುಹೋಗಿ, ಗುಜರಿಗೆ ಹೋಗಿ ಆರು ವರ್ಷ ಆಗಿತ್ತು. ಡಬ್ಬ ಮಾತ್ರ ಭದ್ರವಾಗಿತ್ತು, ಒಳಗೆ ಥರ್ಮಕೋಲ್ ಸಮೇತ.

ಅವತ್ತಿನಿಂದ ಮನೆಯಲ್ಲಿರುವ ಪ್ಯಾಕಿಂಗ್ ಸಾಮಾನನ್ನೆಲ್ಲ ಒಂದೊಂದಾಗಿ ಹೊರಗೆ ಕಳಿಸುತ್ತಾ ಬಂದೆ. ಅದನ್ನು ನೋಡಿದ ನೆಂಟರು, ಪಕ್ಕದ ಮನೆಯವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ನಮ್ಮದು ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆ. ನಿಮ್ಮ ಊರಿನಲ್ಲಿ ಕಸದ ವ್ಯವಸ್ಥೆ ಸ್ವಲ್ಪ ಬೇರೆ ಇರಬಹುದು, ಡಬ್ಬಗಳು ಮಾತ್ರ ಇವೇ.

ಡಬ್ಬ ಬಿಸಾಡಿದರೆ ವಾರಂಟಿ ಹೋಗಲ್ವಾ?

ಅತಿ ಹೆಚ್ಚು ಜನ ಕೇಳಿದ್ದು ಇದನ್ನೇ. ಮಿಕ್ಸಿ, ಫ್ರಿಜ್, ಟಿವಿ, ಫ್ಯಾನ್ ಇಂಥವು ಕೆಟ್ಟಾಗ ಸರ್ವಿಸ್‌ನವರು ಕೇಳುವುದು ಬಿಲ್ಲು, ಕೆಲವೊಮ್ಮೆ ಅಂಗಡಿಯ ಸೀಲ್ ಇರುವ ವಾರಂಟಿ ಕಾರ್ಡು, ಮತ್ತೆ ಸೀರಿಯಲ್ ನಂಬರ್. ಆ ನಂಬರ್ ಯಂತ್ರದ ಬೆನ್ನಿಗೋ ತಳಕ್ಕೋ ಅಂಟಿಸಿರುತ್ತಾರೆ. ರಿಪೇರಿಗೆ ಬಂದವರು ಸಜ್ಜದ ಮೇಲಿರುವ ಡಬ್ಬ ತೋರಿಸಿ ಅಂದದ್ದನ್ನು ನಾನಂತೂ ನೋಡಿಲ್ಲ. ಅನುಮಾನವಿದ್ದರೆ ವಾರಂಟಿ ಕಾರ್ಡಿನ ಷರತ್ತು ಒಮ್ಮೆ ಓದಿಬಿಡಿ, ಎರಡು ನಿಮಿಷದ ಕೆಲಸ.

ಡಬ್ಬ ಬೇಕಾಗುವುದು ವಾಪಸ್ ಕೊಡುವಾಗ. ಆನ್‌ಲೈನಿನಲ್ಲಿ ತಗೊಂಡದ್ದಕ್ಕೆ ಇಷ್ಟು ದಿನದೊಳಗೆ ಹಿಂದಿರುಗಿಸಬಹುದು ಅಂತ ಇರುತ್ತದಲ್ಲ, ಆಗ ಮೂಲ ಡಬ್ಬ ಕೇಳುತ್ತಾರೆ. ಅದಕ್ಕೆ ನಾನು ಹೊಸ ಡಬ್ಬ ಬಂದ ಕೂಡಲೇ ಮಾರ್ಕರ್ ಪೆನ್ನಿನಲ್ಲಿ ದಪ್ಪ ಅಕ್ಷರದಲ್ಲಿ ತಾರೀಖು ಬರೆಯುತ್ತೇನೆ. ಒಂದು ತಿಂಗಳು ಮಂಚದ ಕೆಳಗೆ ಇರುತ್ತದೆ. ಸಜ್ಜಕ್ಕೆ ಹತ್ತಿಸುವುದಿಲ್ಲ. ಒಮ್ಮೆ ಹತ್ತಿದ್ದು ತಾನಾಗಿ ಇಳಿಯುವುದಿಲ್ಲ ನೋಡಿ.

ಬಿಲ್ಲಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಕೊಡುವ ನುಣುಪು ಕಾಗದದ ಬಿಲ್ಲು ಒಂದೆರಡು ವರ್ಷದಲ್ಲಿ ಬಿಳಚಿಕೊಂಡು ಏನೂ ಕಾಣದಂತಾಗುತ್ತದೆ. ಶಾಖಕ್ಕೆ ಮೂಡುವ ಅಕ್ಷರ ಅದು, ಇಂಕಲ್ಲ. ತಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಮೊಬೈಲ್ ಡಬ್ಬ?

ಇದನ್ನು ಇಟ್ಟುಕೊಳ್ಳಲು ಎರಡು ಕಾರಣ ಹೇಳುತ್ತಾರೆ. ಮೊದಲನೆಯದು ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ. ಫೋನು ಕಳೆದರೆ ಅದನ್ನು ಬ್ಲಾಕ್ ಮಾಡಿಸಲು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಈ ನಂಬರ್ ಕೊಡಬೇಕು. ಡಬ್ಬದ ಮೇಲೆ ಅದು ಇರುವುದು ನಿಜ. ಆದರೆ *#06# ಒತ್ತಿದರೆ ಫೋನಿನಲ್ಲೇ ಬರುತ್ತದೆ. ಅದನ್ನು ಬೇರೆ ಕಡೆ ಬರೆದಿಡಿ. ಕಳೆದ ಫೋನಿನೊಳಗೇ ಅದರ ನಂಬರ್ ಇದ್ದರೆ ಉಪಯೋಗವಿಲ್ಲ, ಅಲ್ವಾ.

ಎರಡನೆಯದು ಮಾರುವಾಗ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಅನ್ನುವುದು. ಇದೂ ಸುಳ್ಳಲ್ಲ. ಸರಿ, ಈಗ ಕೈಯಲ್ಲಿರುವ ಫೋನಿನ ಡಬ್ಬ ಇರಲಿ. ಅದಕ್ಕಿಂತ ಹಿಂದಿನ ನಾಲ್ಕು ಫೋನಿನ ಡಬ್ಬಗಳು?

ಬಾಡಿಗೆ ಮನೆ ನಮ್ಮದು. ಮನೆ ಬದಲಾಯಿಸುವಾಗ ಟಿವಿ, ವಾಷಿಂಗ್ ಮೆಷೀನ್ ಡಬ್ಬ ಬೇಕಾಗುತ್ತದಲ್ಲ?

ಟಿವಿ ಡಬ್ಬದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಈಗಿನ ತೆಳು ಟಿವಿಯನ್ನು ನಿಲ್ಲಿಸಿಯೇ ಸಾಗಿಸಬೇಕು, ಮಲಗಿಸಿದರೆ ಪರದೆ ಬಿರುಕು ಬಿಡುವ ಭಯ. ಅದರ ಅಳತೆಗೇ ಮಾಡಿದ ಡಬ್ಬ, ಮೂಲೆಯ ಥರ್ಮಕೋಲ್ ಇದ್ದರೆ ನೆಮ್ಮದಿ. ವರ್ಷ ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರು ಇಟ್ಟುಕೊಳ್ಳಿ. ಬಿಚ್ಚಿ ಚಪ್ಪಟೆ ಮಾಡಿ ಬೀರುವಿನ ಹಿಂದೆ ಸರಿಸಿದರೆ ಜಾಗ ತಿನ್ನುವುದಿಲ್ಲ. ಸ್ವಂತ ಮನೆಯವರಿಗೆ ಬೇಡ.

ಫ್ರಿಜ್ ಡಬ್ಬ ಯಾರಿಗೂ ಬೇಡ. ಪ್ಯಾಕರ್ಸ್‌ನವರು ಕಂಬಳಿ, ಬಬಲ್ ಶೀಟ್ ಸುತ್ತಿಯೇ ಒಯ್ಯುತ್ತಾರೆ. ಮಕ್ಕಳಿದ್ದರೆ ಎರಡು ದಿನ ಅದರಲ್ಲಿ ಮನೆ ಕಟ್ಟಿ ಆಡಲಿ, ಆಮೇಲೆ ಗುಜರಿಗೆ.

ವಾಷಿಂಗ್ ಮೆಷೀನಿನಲ್ಲಿ ಜನ ಡಬ್ಬ ಇಟ್ಟುಕೊಂಡು, ಇಟ್ಟುಕೊಳ್ಳಲೇಬೇಕಾದ್ದನ್ನು ಬಿಸಾಡುತ್ತಾರೆ. ಮುಂದಿನಿಂದ ಬಟ್ಟೆ ಹಾಕುವ ಮೆಷೀನಿನ ಹಿಂಭಾಗದಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟ್ ಇರುತ್ತವೆ. ಸಾಗಿಸುವಾಗ ಒಳಗಿನ ಡ್ರಮ್ ಅಲ್ಲಾಡದಿರಲಿ ಅಂತ ಹಾಕಿದ್ದು. ಕೂರಿಸುವವರು ಅದನ್ನು ಬಿಚ್ಚಿ ಕೈಗೆ ಕೊಟ್ಟು ಹೋಗುತ್ತಾರೆ. ಮನೆ ಬದಲಾಯಿಸುವಾಗ ಮತ್ತೆ ಹಾಕದಿದ್ದರೆ ದಾರಿಯ ಗುಂಡಿಗಳಿಗೆ ಡ್ರಮ್ ಕುಣಿದು ಒಳಗಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹಾಳಾಗಬಹುದು. ಬೋಲ್ಟ್‌ಗಳನ್ನು ಒಂದು ಕವರಿಗೆ ಹಾಕಿ ಮೆಷೀನಿನ ಹಿಂದೆಯೇ ಟೇಪ್ ಹಚ್ಚಿ ಅಂಟಿಸಿ. ಅಷ್ಟು ದೊಡ್ಡ ಡಬ್ಬದಲ್ಲಿ ಬೇಕಾದದ್ದು ಆ ಮುಷ್ಟಿಯಷ್ಟು ಕಬ್ಬಿಣ ಮಾತ್ರ.

"ಯಾವತ್ತಾದರೂ ಬೇಕಾಗುತ್ತೆ" ಅನ್ನುವ ಮಾತಿಗೆ ಏನು ಹೇಳುವುದು?

"ಯಾವತ್ತು, ಯಾತಕ್ಕೆ?" ಅಂತ ಕೇಳಿ. ಉತ್ತರ ಇದ್ದರೆ ಇಟ್ಟುಕೊಳ್ಳಿ. "ದೀಪಾವಳಿಗೆ ಅಕ್ಕನ ಮನೆಗೆ ಚಕ್ಕುಲಿ ಕಳಿಸಲು" ಅಂದರೆ ಅದು ಉತ್ತರ. "ಗಟ್ಟಿ ಇದೆ, ಚೆನ್ನಾಗಿದೆ" ಅಂದರೆ ಅದು ಉತ್ತರವಲ್ಲ.

ನಮ್ಮ ಅಮ್ಮ ಒಂದು ಕವರನ್ನೂ ಬಿಸಾಡಲು ಬಿಡುವುದಿಲ್ಲ. ಏನು ಮಾಡಲಿ?

ಮೊದಲು ಅಮ್ಮನ ಕಡೆ ನಿಂತು ಮಾತಾಡುತ್ತೇನೆ.

ನಮ್ಮ ಅಜ್ಜಿ ಅಂಗಡಿಯಿಂದ ಬಂದ ಬೇಳೆ ಪೊಟ್ಟಣದ ದಾರ ಬಿಚ್ಚಿ ಉಂಡೆಗೆ ಸುತ್ತುತ್ತಿದ್ದರು. ಪೊಟ್ಟಣದ ಪೇಪರನ್ನು ಅಂಗೈಯಲ್ಲಿ ಸವರಿ ಡಬ್ಬಿಯ ತಳಕ್ಕೆ ಹಾಸುತ್ತಿದ್ದರು. ಹಾರ್ಲಿಕ್ಸ್ ಬಾಟಲಿ ಖಾಲಿಯಾದರೆ ಉಪ್ಪಿನಕಾಯಿಗೆ, ಎಣ್ಣೆ ಟಿನ್ನು ಖಾಲಿಯಾದರೆ ಅಕ್ಕಿಗೆ. ಅದು ಜಿಪುಣತನ ಅಲ್ಲ, ಜಾಣತನ. ಆಗ ಮನೆಯೊಳಗೆ ಪ್ಯಾಕಿಂಗ್ ಬರುತ್ತಿದ್ದುದೇ ಕಡಿಮೆ. ಹೂವು ಬಾಳೆಲೆಯಲ್ಲಿ, ಬೇಳೆ ಪೇಪರಿನಲ್ಲಿ, ಸೀಮೆಎಣ್ಣೆ ನಾವೇ ಒಯ್ದ ಡಬ್ಬದಲ್ಲಿ. ಬಂದದ್ದೆಲ್ಲ ಇಟ್ಟುಕೊಂಡರೂ ಒಂದು ಕಪಾಟು ತುಂಬುತ್ತಿರಲಿಲ್ಲ. ಇಟ್ಟದ್ದು ಖರ್ಚೂ ಆಗುತ್ತಿತ್ತು.

ಈಗ ಅದೇ ಲೆಕ್ಕದಲ್ಲಿ ಇಟ್ಟರೆ ಆಗುವುದಿಲ್ಲ. ಒಂದು ಸೋಪು ಕೂಡ ಕೊರಿಯರ್ ಡಬ್ಬದಲ್ಲಿ ಬರುತ್ತದೆ. ಅಮ್ಮನ ಅಭ್ಯಾಸ ತಪ್ಪಲ್ಲ, ಬರುವ ಪ್ರಮಾಣ ಬದಲಾಗಿದೆ. ಇದನ್ನು ಹೀಗೆಯೇ ಹೇಳಿದಾಗ ನಮ್ಮಮ್ಮ ಸ್ವಲ್ಪ ಮೆತ್ತಗಾದರು. "ಬಿಸಾಡು" ಅನ್ನುವ ಪದ ಬಳಸಬೇಡಿ. "ಕೊಡೋಣ" ಅನ್ನಿ. ಕಸಕ್ಕೆ ಹಾಕುವುದಕ್ಕೂ ಗುಜರಿಗೆ ಕೊಡುವುದಕ್ಕೂ ಅವರ ಮನಸ್ಸಿನಲ್ಲಿ ತುಂಬಾ ವ್ಯತ್ಯಾಸವಿದೆ. ನಿಜವಾಗಿಯೂ ಇದೆ. ನಮ್ಮ ಮನೆಯಲ್ಲಿ ರಟ್ಟು ಮಾರಿದ ದುಡ್ಡು ಅಮ್ಮನದ್ದು ಅಂತ ತೀರ್ಮಾನ ಮಾಡಿದ ಮೇಲೆ, ಡಬ್ಬ ಕೆಳಗಿಳಿಸಲು ಅವರೇ ನನಗಿಂತ ಮುಂದೆ.

ಅವರು ಮನೆಯಲ್ಲಿಲ್ಲದಾಗ ಮಾತ್ರ ಈ ಕೆಲಸ ಮಾಡಬೇಡಿ. ನಾನು ಒಮ್ಮೆ ಮಾಡಿದೆ. ಒಂದು ಹಳೆಯ ಬಿಸ್ಕತ್ತು ಟಿನ್ನಿನ ವಿಷಯ. ಅದರೊಳಗೆ ಸೂಜಿ, ಗುಂಡಿಗಳ ಅಡಿಯಲ್ಲಿ ಅಪ್ಪನ ಒಂದು ಕಾಗದ ಇತ್ತಂತೆ. ಇನ್ನೂ ಹೇಳುತ್ತಾರೆ.

ಕವರುಗಳಿಂದ ತುಂಬಿದ ಕವರು ಅಡುಗೆಮನೆ ಬಾಗಿಲ ಹಿಂದೆ ನೇತಾಡುತ್ತಿದೆ. ಎಷ್ಟು ಇಟ್ಟುಕೊಳ್ಳಬೇಕು?

ಲೆಕ್ಕ ಹಾಕಿ ನೋಡಿ. ವಾರಕ್ಕೆ ಎಷ್ಟು ಕವರ್ ಬಳಸುತ್ತೀರಿ? ನಮ್ಮ ಮನೆಯಲ್ಲಿ ಮೂರು. ಒಂದು ತಿಂಗಳಿಗೆ ಹನ್ನೆರಡು ಇಟ್ಟು ಉಳಿದದ್ದನ್ನು ಒಣ ಕಸದ ಚೀಲಕ್ಕೆ ಹಾಕಿದೆ. ಎಣಿಸಿದಾಗ ನೂರಾ ನಲವತ್ತು ಚಿಲ್ಲರೆ ಇದ್ದವು. ಹಳೆಯವು ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿದ್ದವು.

ಇನ್ನೊಂದು ಬಗೆ ಇದೆ. ಬಟ್ಟೆ ಅಂಗಡಿಯಲ್ಲೂ ಮದುವೆ ಮನೆಯ ತಾಂಬೂಲದಲ್ಲೂ ಕೊಡುವ ಬಣ್ಣಬಣ್ಣದ ಚೀಲ. ನೋಡಲು ಬಟ್ಟೆಯಂತೆ ಇರುತ್ತದೆ. ಬಹಳ ಸಲ ಅದು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಎಳೆ ಒತ್ತಿ ಮಾಡಿದ್ದು. ಒಂದು ಎಳೆ ಎಳೆದು ಕಿಡಿಗೆ ತಾಗಿಸಿದರೆ ಗೊತ್ತಾಗುತ್ತದೆ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಇದು ಕರಗಿ ಗಂಟು ಕಟ್ಟುತ್ತದೆ. ಇದನ್ನು ತರಕಾರಿಗೆ ಒಯ್ಯಿರಿ, ತೊಂದರೆಯಿಲ್ಲ. ಒಯ್ಯಲು ನಾಲ್ಕು ಸಾಕು, ನಲವತ್ತು ಬೇಡ.

ಅಂದಹಾಗೆ ತೆಳು ಕವರ್ ಕೊಡುವುದೇ ಈಗ ಕಾನೂನಿಗೆ ವಿರುದ್ಧ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ದೇಶಾದ್ಯಂತ 2022ರ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲ ಮಾಡುವಂತಿಲ್ಲ, ಮಾರುವಂತಿಲ್ಲ. ಸೊಪ್ಪಿನ ಗಾಡಿಯ ಹತ್ತಿರ ಹೋಗಿ ಅದು ಎಷ್ಟು ನಡೆಯುತ್ತಿದೆ ನೋಡಿ.

ಹಾಲಿನ ಪ್ಯಾಕೆಟ್?

ಇದನ್ನು ಕೂಡಿಡಬಹುದು. ಗುಜರಿಯವರು ಖುಷಿಯಿಂದ ತಗೊಳ್ಳುತ್ತಾರೆ, ಒಂದೇ ಬಗೆಯ ಒಳ್ಳೆಯ ಪ್ಲಾಸ್ಟಿಕ್ ಅದು. ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ, ಸೀಳಿ ಅಷ್ಟೆ. ಆ ಸಣ್ಣ ತುಂಡು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ತೊಳೆದು ಸಿಂಕಿನ ಹಿಂದಿನ ಟೈಲ್ಸಿಗೆ ಅಂಟಿಸಿ, ಒಣಗಿದಾಗ ತಾನೇ ಬೀಳುತ್ತದೆ. ಆ ತೊಳೆದ ನೀರು ಕರಿಬೇವಿನ ಗಿಡಕ್ಕೆ. ತೊಳೆಯದೆ ಕೂಡಿಟ್ಟರೆ ಮೂರನೇ ದಿನ ಮನೆಯೇ ಹುಳಿ ವಾಸನೆ.

ರಟ್ಟಿನ ಡಬ್ಬ ಸುಮ್ನೆ ಒಂದು ಮೂಲೆಯಲ್ಲಿದ್ದರೆ ಏನು ತೊಂದರೆ?

ಸುಮ್ನೆ ಇರುವುದಿಲ್ಲ. ರಟ್ಟಿನ ಎರಡು ಪದರದ ನಡುವೆ ಅಲೆಅಲೆಯಾದ ಕಾಗದ ಇದೆಯಲ್ಲ, ಅದನ್ನು ಅಂಟಿಸುವುದು ಸಾಮಾನ್ಯವಾಗಿ ಗಂಜಿಯಂಥ ಅಂಟಿನಿಂದ. ಬೆಳ್ಳಿಮೀನು ಹುಳಕ್ಕೆ ಅದು ಊಟ. ಜಿರಲೆಗೆ ಆ ಸಂದು ಮನೆ. ಗೋಡೆ ತೇವವಿದ್ದರೆ ಗೆದ್ದಲಿಗೆ ಇಡೀ ಡಬ್ಬವೇ ಹಬ್ಬ. ಅಡುಗೆಮನೆಗೆ ಎಷ್ಟು ಔಷಧಿ ಹೊಡೆದರೂ ಜಿರಲೆ ಹೋಗುತ್ತಿಲ್ಲ ಅಂತ ನಮ್ಮ ಮಹಡಿಯ ಒಬ್ಬರು ಗೋಳಾಡುತ್ತಿದ್ದರು. ಸಿಂಕಿನ ಕೆಳಗೆ ಅವರು ಮಡಚಿಟ್ಟ ಡಬ್ಬಗಳನ್ನು ತೆಗೆದಾಗ ಕಾರಣ ಕಾಣಿಸಿತು. ಕರಾವಳಿ, ಮಲೆನಾಡಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಅಲ್ಲಿ ಮಳೆಗಾಲದಲ್ಲಿ ರಟ್ಟಿಗೆ ಬೂಸ್ಟು ಹಿಡಿಯಲು ವಾರ ಸಾಕು.

ಕೊಡುವಾಗ ಟೇಪು ಕಿತ್ತು, ಚಪ್ಪಟೆ ಮಾಡಿ, ಕಟ್ಟಿ ಕೊಡಿ. ಒದ್ದೆ ಮಾಡಬೇಡಿ. ಎಣ್ಣೆ ಹತ್ತಿದ ರಟ್ಟು ಮತ್ತೆ ಕಾಗದ ಆಗುವುದಿಲ್ಲ. ಪಿಜ್ಜಾ ಡಬ್ಬದ ತಳ ಹರಿದು ಬಿಟ್ಟು, ಮೇಲಿನ ಒಣ ಮುಚ್ಚಳ ಮಾತ್ರ ಕೊಡಿ. ಮನೆಯಲ್ಲಿ ಗೊಬ್ಬರ ಮಾಡುವವರಿಗೆ ಇನ್ನೂ ಸುಲಭ. ಬಣ್ಣವಿಲ್ಲದ ಕಂದು ರಟ್ಟನ್ನು ಚೂರು ಮಾಡಿ ತರಕಾರಿ ಸಿಪ್ಪೆಯ ಜೊತೆ ಹಾಕಿ. ಒಣ ಎಲೆ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ನೀರು ಹೀರಿಕೊಂಡು ವಾಸನೆ ತಡೆಯುತ್ತದೆ.

ಥರ್ಮಕೋಲ್ ಏನು ಮಾಡುವುದು?

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಥರ್ಮಕೋಲಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಬರೀ ಗಾಳಿ. ಆಟೋ ತುಂಬ ಹೇರಿದರೂ ತೂಕ ಅಷ್ಟಾಗಿ ಬರುವುದಿಲ್ಲ. ಅದಕ್ಕೇ ಗುಜರಿಯವರು ಮುಖ ತಿರುಗಿಸುತ್ತಾರೆ. ಒಡೆಯದೆ, ಪುಡಿ ಮಾಡದೆ, ದೊಡ್ಡ ತುಂಡುಗಳನ್ನೇ ಕಟ್ಟಿ ಒಣ ಕಸದವರಿಗೆ ಕೊಡಿ. ದೊಡ್ಡ ಯಂತ್ರ ಮನೆಗೆ ತಂದು ಕೂರಿಸುವವರು ಪ್ಯಾಕಿಂಗ್ ವಾಪಸ್ ಒಯ್ಯುತ್ತಾರಾ ಅಂತ ಆಗಲೇ ಕೇಳಿ. ಕೆಲವರು ಒಯ್ಯುತ್ತಾರೆ.

ಮೀನು, ಐಸ್ ಬರುವ ದಪ್ಪ ಥರ್ಮಕೋಲ್ ಪೆಟ್ಟಿಗೆ ಮಾತ್ರ ಬೇರೆ. ತಳಕ್ಕೆ ತೂತು ಕೊರೆದು ಮಣ್ಣು ತುಂಬಿ ತಾರಸಿಯಲ್ಲಿ ಕೊತ್ತಂಬರಿ, ಪುದೀನ ಬೆಳೆಸಿದವರನ್ನು ನೋಡಿದ್ದೇನೆ. ಗಣೇಶನ ಮಂಟಪಕ್ಕೆ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ಅಲಂಕಾರದ ಥರ್ಮಕೋಲ್ 2022ರ ಜುಲೈ 1ರಿಂದ ನಿಷೇಧದ ಪಟ್ಟಿಯಲ್ಲಿದೆ. ಪೆಟ್ರೋಲಿನಲ್ಲಿ ಕರಗಿಸಿ ಅಂಟು ಮಾಡುವ ವಿಡಿಯೋ ನೋಡಿ ಮನೆಯಲ್ಲಿ ಪ್ರಯೋಗ ಮಾಡಲೂಬೇಡಿ.

ಸುಟ್ಟುಬಿಟ್ಟರೆ ಮುಗಿಯಿತಲ್ಲ?

ಊರಿನಲ್ಲಿ ಬಚ್ಚಲ ಒಲೆ ಇರುವವರು ಬಣ್ಣವಿಲ್ಲದ ಎರಡು ತುಂಡು ರಟ್ಟನ್ನು ಹೊತ್ತಿಸಲು ಬಳಸುವುದು ಬೇರೆ. ಪ್ಲಾಸ್ಟಿಕ್, ಥರ್ಮಕೋಲ್, ಹೊಳಪಿನ ಡಬ್ಬ ಬೇಡವೇ ಬೇಡ. ಆ ಕರಿ ಹೊಗೆ ಮೊದಲು ಹೋಗುವುದು ನೀರು ಕಾಯಿಸಲು ಕೂತವರ ಮೂಗಿಗೆ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಚಿಪ್ಸ್ ಪ್ಯಾಕೆಟ್, ಜ್ಯೂಸ್ ಡಬ್ಬ?

ಚಿಪ್ಸ್ ಪ್ಯಾಕೆಟ್ಟಿನ ಒಳಗಿನ ಬೆಳ್ಳಿ ಬಣ್ಣ ಅಲ್ಯೂಮಿನಿಯಂನದ್ದು, ಪ್ಲಾಸ್ಟಿಕ್ಕಿನ ಜೊತೆ ಬೇರ್ಪಡಿಸಲಾಗದಂತೆ ಸೇರಿರುತ್ತದೆ. ಗುಜರಿಗೆ ಬೇಡ. ಒಣ ಕಸಕ್ಕೆ ಹಾಕಿದರೆ ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಜ್ಯೂಸು ಬರುವ ಟೆಟ್ರಾ ಪ್ಯಾಕ್‌ನಲ್ಲಿ ಮುಕ್ಕಾಲು ಪಾಲು ರಟ್ಟೇ, ಹಾಗಾಗಿ ತೊಳೆದು ಚಪ್ಪಟೆ ಮಾಡಿ ಕೊಟ್ಟರೆ ಉಪಯೋಗವಿದೆ.

ಹೋಟೆಲ್ ಪಾರ್ಸೆಲ್ ಡಬ್ಬಿಗಳು ಎಷ್ಟು ಚೆನ್ನಾಗಿರುತ್ತವೆ! ಅದನ್ನೂ ಕೊಡಬೇಕಾ?

ಚೆನ್ನಾಗಿರುತ್ತವೆ, ಅದೇ ತೊಂದರೆ. ನಮ್ಮ ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದರೆ ಮೂವತ್ತು ಡಬ್ಬಿ, ಇಪ್ಪತ್ತೆರಡು ಮುಚ್ಚಳ. ಯಾವ ಮುಚ್ಚಳವೂ ಯಾವ ಡಬ್ಬಿಗೂ ಕೂರುತ್ತಿರಲಿಲ್ಲ. ಸಾಂಬಾರಿನ ಅರಿಶಿನ ಬಣ್ಣ ಹಿಡಿದದ್ದು, ಬಿಸಿಗೆ ಸೊಟ್ಟಗಾದದ್ದು, ಬಿರುಕು ಬಿಟ್ಟದ್ದು ಎಲ್ಲ ತೆಗೆದ ಮೇಲೆ ಏಳು ಉಳಿದವು. ಕೆಲಸಕ್ಕೆ ಬರುವ ಅಕ್ಕನಿಗೋ ನೆಂಟರಿಗೋ ಪಲ್ಯ ಹಾಕಿ ಕೊಡಲು ಇವು ಒಳ್ಳೆಯವು, ವಾಪಸ್ ಬರಲಿ ಅಂತ ಕಾಯಬೇಕಾಗಿಲ್ಲ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಮತ್ತೆ ಬಳಸಬಹುದು, ಆದರೆ ಕುದಿಯುವ ಸಾರು ಸುರಿಯಬೇಡಿ. 1 ಅಂತ ಇರುವ ನೀರಿನ ಬಾಟಲಿಗೆ ಬಿಸಿನೀರು ಬೇಡವೇ ಬೇಡ.

ಆಸಿಡ್, ಫಿನಾಯಿಲ್, ಕೀಟನಾಶಕ ಬಂದ ಬಾಟಲಿ ಎಷ್ಟೇ ಗಟ್ಟಿಯಿರಲಿ, ಎಷ್ಟೇ ತೊಳೆದಿರಲಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಯಾರೋ ಒಬ್ಬರು ಅದಕ್ಕೆ ನೀರು ತುಂಬುತ್ತಾರೆ. ಮಕ್ಕಳು ಬಾಟಲಿಯ ಇತಿಹಾಸ ಕೇಳುವುದಿಲ್ಲ.

ಗಾಜಿನ ಬಾಟಲಿಗೆ ನಾನು ಸ್ವಲ್ಪ ಮೆತ್ತಗೆ. ಉಪ್ಪಿನಕಾಯಿಗೆ, ಚಟ್ನಿಪುಡಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಕಪಾಟಿನ ಒಂದು ಸಾಲು ಅಂತ ಮಿತಿ ಹಾಕಿಕೊಂಡಿದ್ದೇನೆ. ಹೊಸದು ಬಂದರೆ ಹಳೆಯದೊಂದು ಹೋಗಬೇಕು.

ಸ್ವೀಟ್ ಬಾಕ್ಸ್?

ರಟ್ಟಿಗೆ ತುಪ್ಪ ಇಳಿದಿದ್ದರೆ ಇರುವೆ ಬರುವ ಮುಂಚೆ ಹೊರಗೆ. ಚೆನ್ನಾಗಿದ್ದರೆ ಎರಡು ಸಾಕು. ಅದರಲ್ಲಿ ಮತ್ತೆ ತಿಂಡಿ ಕೊಡುವಾಗ ಒಳಗೆ ನ್ಯೂಸ್ ಪೇಪರ್ ಹಾಸಬೇಡಿ. ಅಚ್ಚಿನ ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಎಷ್ಟೋ ಸಲ ಎಚ್ಚರಿಸಿದೆ. ಬಾಳೆಲೆ ಹಾಸಿ.

ಸೀರೆ ಡಬ್ಬ, ಒಡವೆ ಡಬ್ಬ?

ರೇಷ್ಮೆ ಸೀರೆಯನ್ನು ಅಂಗಡಿಯ ಡಬ್ಬದಲ್ಲೇ, ಪ್ಲಾಸ್ಟಿಕ್ ಕವರ್ ಸಮೇತ ಇಡುವುದು ಸೀರೆಗೇ ಒಳ್ಳೆಯದಲ್ಲ. ಗಾಳಿಯಾಡದೆ ತೇವ ಒಳಗೇ ನಿಂತು ಜರಿ ಕಪ್ಪಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಾಯಿಸಿ. ಡಬ್ಬ ಕೊಟ್ಟುಬಿಡಿ. ನಮ್ಮ ಬೀರುವಿನ ಅರ್ಧ ಜಾಗ ಹೀಗೇ ಸಿಕ್ಕಿತು.

ಒಡವೆ ಡಬ್ಬ ಬಳಸುತ್ತಿದ್ದರೆ ಇರಲಿ. ಬೆಳ್ಳಿ ಸಾಮಾನನ್ನು ಮಾತ್ರ ನ್ಯೂಸ್ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಡಬೇಡಿ. ರಬ್ಬರಿನ ಗಂಧಕ ತಾಗಿದ ಕಡೆ ಕಪ್ಪು ಗೆರೆ ಬೀಳುತ್ತದೆ. ಮೆತ್ತನೆಯ ಹತ್ತಿ ಬಟ್ಟೆ ಸುತ್ತಿ, ಗಾಳಿ ಹೋಗದ ಕವರಿನಲ್ಲಿಡಿ. ಹೌದು, ರೇಷ್ಮೆಗೆ ಹೇಳಿದ್ದಕ್ಕೆ ಇದು ಉಲ್ಟಾ.

ಹೊಸ ಚೀಲ, ಬೂಟಿನ ಡಬ್ಬದೊಳಗೆ ಸಿಗುವ ಸಿಲಿಕಾ ಜೆಲ್ ಪುಟ್ಟ ಪೊಟ್ಟಣಗಳನ್ನು ಈ ಬೆಳ್ಳಿ ಕವರಿಗೆ ಹಾಕಬಹುದು. ಅದು ತೇವ ಹೀರುತ್ತದೆ. ಮಕ್ಕಳ ಕೈಗೆ ಸಿಗದಿರಲಿ.

ಕೊರಿಯರ್ ಡಬ್ಬ ಹೊರಗೆ ಹಾಕುವ ಮುಂಚೆ ಏನಾದರೂ ನೋಡಬೇಕಾ?

ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಇರುವ ಚೀಟಿ ಕಿತ್ತು ಹರಿಯಿರಿ. ಡಬ್ಬದ ಒಳಗೂ ಒಂದು ಸಲ ಕೈಯಾಡಿಸಿ. ನಾವು ಒಮ್ಮೆ ಟ್ರಿಮ್ಮರಿನ ಚಾರ್ಜರನ್ನು ಡಬ್ಬದ ಜೊತೆಗೇ ಕೊಟ್ಟುಬಿಟ್ಟಿದ್ದೆವು.

ಎಲ್ಲಿಂದ ಶುರು ಮಾಡಲಿ? ಒಂದೇ ದಿನದಲ್ಲಿ ಆಗುತ್ತಾ?

ಸಜ್ಜದಿಂದ ಬೇಡ. ಅದು ಕೊನೆಗೆ. ಮೊದಲು ಅಡುಗೆಮನೆಯ ಒಂದು ಡ್ರಾಯರ್. ಅರ್ಧ ಗಂಟೆ ಸಾಕು, ಗೆದ್ದ ಖುಷಿ ಸಿಗುತ್ತದೆ. ಎರಡನೇ ಭಾನುವಾರ ಕವರುಗಳು. ಆಮೇಲೆ ಬೀರು. ಸಜ್ಜಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಇಳಿದದ್ದು ಅವತ್ತೇ ಮನೆ ಬಿಡಬೇಕು. "ನಾಳೆ ಕೊಡೋಣ" ಅಂದ ಡಬ್ಬಗಳು ನಮ್ಮ ಹಾಲಿನಲ್ಲಿ ಮೂರು ವಾರ ಕೂತಿದ್ದವು, ಅವುಗಳ ಮೇಲೆ ಇಸ್ತ್ರಿ ಬಟ್ಟೆ ಇಡಲು ಶುರು ಮಾಡಿದ್ದೆವು. ಗುಜರಿಯವರಿಗೆ ಮೊದಲೇ ಹೇಳಿ, ಅವರು ಬರುವ ದಿನವೇ ಇಳಿಸಿ.

ಬೆಂಗಳೂರಿನಲ್ಲಿ ಗುಜರಿಯವರು ಬೇಡ ಅಂದದ್ದನ್ನು ಒಣ ಕಸ ಒಯ್ಯುವ ದಿನ ಪಾಲಿಕೆ ಗಾಡಿಗೆ ಕೊಡಬಹುದು. ಬಹಳ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರ ಇದೆ. ಒಂದು ಸಲ ಹೋಗಿ ನೋಡಿ. ನಾವು ತೊಳೆಯದೆ ಕಳಿಸಿದ ಮೊಸರು ಡಬ್ಬಿಯನ್ನು ಅಲ್ಲಿ ಕೈಯಿಂದ ವಿಂಗಡಿಸುತ್ತಾರೆ. ಅದನ್ನು ನೋಡಿ ಬಂದ ದಿನದಿಂದ ನಮ್ಮ ಮನೆಯವರು ಹೇಳಿಸಿಕೊಳ್ಳದೆ ಡಬ್ಬಿ ತೊಳೆಯುತ್ತಿದ್ದಾರೆ.

ನೀವು ಯಾವ ಡಬ್ಬವನ್ನೂ ಇಟ್ಟುಕೊಂಡಿಲ್ವಾ?

ಬೊಂಬೆ ಪೆಟ್ಟಿಗೆ ಇಟ್ಟಿದ್ದೇನೆ. ಪಟ್ಟದ ಬೊಂಬೆಯ ಜೋಡಿಗೆ ಅಜ್ಜಿಯ ಕಾಲದ ಟ್ರಂಕು. ಮಣ್ಣಿನ ಬೊಂಬೆಗಳಿಗೆ ಒಂದೊಂದಕ್ಕೂ ಒಂದು ಡಬ್ಬ, ಸುತ್ತ ಹಳೆಯ ಸೀರೆ ತುಂಡು. ಮೇಲೆ ಅಮ್ಮನ ಕೈಬರಹದಲ್ಲಿ "ಶೆಟ್ಟರ ಅಂಗಡಿ, ಕಿವಿ ಮುರಿದಿದೆ, ಹುಷಾರು" ಅಂತ. ಒಂಬತ್ತು ದಿನ ಈ ಖಾಲಿ ಡಬ್ಬಗಳೇ ಬಿಳಿ ಪಂಚೆ ಹೊದ್ದು ಬೊಂಬೆಗಳಿಗೆ ಮೆಟ್ಟಿಲಾಗುತ್ತವೆ. ವರ್ಷಕ್ಕೆ ಒಂದೇ ಸಲ ಬೇಕಾಗುವ ಡಬ್ಬ ಇದು, ಆದರೆ ಆ ಒಂದು ಸಲ ಯಾವತ್ತು ಅಂತ ಪಂಚಾಂಗದಲ್ಲೇ ಇದೆ.

ಎಲ್ಲ ಕೊಟ್ಟ ಮೇಲೆ ಒಂದು ಡಬ್ಬ ಬೇಕಾದರೆ?

ಸಂಜೆ ಹೊತ್ತು ದಿನಸಿ ಅಂಗಡಿಗೋ ಮೆಡಿಕಲ್ ಶಾಪಿಗೋ ಹೋಗಿ ಕೇಳಿ. ಗಟ್ಟಿ ರಟ್ಟಿನ ಡಬ್ಬಗಳನ್ನು ದಿನಾ ಬಿಚ್ಚಿ ಹೊರಗಿಡುತ್ತಾರೆ. ಹೋದ ತಿಂಗಳು ತಮ್ಮನಿಗೆ ಪುಸ್ತಕ ಕಳಿಸಲು ನಾನೂ ಹೋಗಿದ್ದೆ. ಒಂದು ಕೇಳಿದ್ದಕ್ಕೆ ಮೂರು ಕೊಟ್ಟರು. ಎರಡನ್ನು ಅಲ್ಲೇ ಬಿಟ್ಟು ಬಂದೆ.